ಕೆಂಪು ಕಾಣದ ಕ್ಯಾಮೆರಾ

ಕಡಲಿನ ಮೇಲಣ ಸೂರ್ಯಾಸ್ತವನ್ನು ಚಿತ್ರವಾಗಿ ಹಿಡಿದಿಡುವುದು ಇಂದು ನಮಗೆ ಬಲು ಸುಲಭದ ಕೆಲಸ. ಮುಂಬಯಿಯ ಮರೀನ್ ಡ್ರೈವ್‌ನಲ್ಲಾಗಲಿ, ರಜೆಗೆ ಊರಿಗೆ ಹೋದಾಗ ಮಲ್ಪೆ, ಕಾರವಾರಗಳ ತೀರದಲ್ಲಾಗಲಿ, ಸಂಜೆಯಾದೊಡನೆ ಎಲ್ಲರ ಮೊಬೈಲುಗಳೂ ಪಡುವಣಕ್ಕೆ ತಿರುಗುತ್ತವೆ. ಆದರೆ ಈ ದೃಶ್ಯವು ಕ್ಯಾಮೆರಾಕ್ಕೆ ಒಲಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಅದಕ್ಕೆ ಕಾರಣ ರಸಾಯನಶಾಸ್ತ್ರದಲ್ಲಿದೆ. 1851ರಲ್ಲಿ ಪ್ರಚಾರಕ್ಕೆ ಬಂದ ಕೊಲೋಡಿಯನ್ ಲೇಪದ ಗಾಜಿನ ಫಲಕವು ಮುಖ್ಯವಾಗಿ ನೀಲಿ, ನೇರಳೆ ಬೆಳಕಿಗೆ ಸ್ಪಂದಿಸುತ್ತಿತ್ತು. ಕೆಂಪಿಗೆ ಅದು ಕುರುಡಾಗಿತ್ತು. ನೆಲಕ್ಕೋ ನೀರಿಗೋ ಬೇಕಾದಷ್ಟು ಹೊತ್ತು ಅದನ್ನು ಬೆಳಕಿಗೆ ಒಡ್ಡಿದರೆ ಆಕಾಶವೆಲ್ಲ ಬರಿಯ ಬಿಳುಪಾಗುತ್ತಿತ್ತು. ಮುಂಬಯಿಯಲ್ಲಿ 1854ರಲ್ಲೇ ಛಾಯಾಗ್ರಾಹಕರ ಸಂಘವೊಂದು ಸ್ಥಾಪನೆಯಾಗಿತ್ತು. ಆದರೂ ಆ ಕಾಲದ ಚಿತ್ರಗಳಲ್ಲಿ ಸಂಜೆಯ ಬಣ್ಣವನ್ನು ನಾವು ಹುಡುಕುವಂತಿಲ್ಲ.

ಈ ತೊಡಕಿಗೆ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಒಂದು ಉಪಾಯ ಕಂಡುಕೊಂಡನು. 1857ರಲ್ಲಿ ಮೆಡಿಟರೇನಿಯನ್ ತೀರದ ಸೆತ್ ಎಂಬಲ್ಲಿ ತೆಗೆದ ‘ಮಹಾ ಅಲೆ’ ಚಿತ್ರದಲ್ಲಿ ಕಡಲಿಗೊಂದು, ಮುಗಿಲಿಗೊಂದು ಹೀಗೆ ಎರಡು ನೆಗೆಟಿವ್‌ಗಳನ್ನು ದಿಗಂತದ ರೇಖೆಯಲ್ಲಿ ಕೂಡಿಸಿ ಮುದ್ರಿಸಿದನು. ಅದಕ್ಕೂ ಮುನ್ನ, 1856ರಲ್ಲಿ, ಒಂದೇ ನೆಗೆಟಿವ್‌ನಿಂದ ಮೂಡಿಸಿದ ಅವನ ಹಡಗಿನ ಚಿತ್ರದಲ್ಲಿದ್ದ ಬಿಸಿಲನ್ನು ನೋಡುಗರು ಬೆಳದಿಂಗಳೆಂದೇ ಭಾವಿಸಿದ್ದರು. ಬೆಳಕು, ಮೋಡ, ಅಲೆ ಎಲ್ಲವೂ ಇದ್ದುವು, ಇಲ್ಲದಿದ್ದುದು ಬಣ್ಣವೊಂದೇ.

ಆ ಕೊರತೆ ಎದ್ದು ಕಂಡದ್ದು 1883ರಲ್ಲಿ. ಆಗಸ್ಟ್ ತಿಂಗಳಲ್ಲಿ ಕ್ರಕಟೋವ ಜ್ವಾಲಾಮುಖಿ ಸ್ಫೋಟಿಸಿದ ಬಳಿಕ, ವಾಯುಮಂಡಲದ ಮೇಲ್ಪದರದಲ್ಲಿ ಹರಡಿದ ಸೂಕ್ಷ್ಮ ಕಣಗಳಿಂದಾಗಿ ತಿಂಗಳುಗಟ್ಟಲೆ ಲೋಕದ ಹಲವೆಡೆ ಸಂಜೆಯ ಬಾನು ಅಸಾಧಾರಣವಾಗಿ ಕೆಂಪೇರಿತು. ಕ್ಯಾಮೆರಾ ಬಳಕೆಗೆ ಬಂದು ಆಗಲೇ ನಾಲ್ಕು ದಶಕಗಳು ಕಳೆದಿದ್ದುವು. ಆದರೂ ಆ ಬಣ್ಣಗಳನ್ನು ದಾಖಲಿಸಿದವನು ಲಂಡನ್ನಿನ ವರ್ಣಚಿತ್ರಕಾರ ವಿಲಿಯಂ ಆಸ್ಕ್ರಾಫ್ಟ್. ಚೆಲ್ಸಿಯಲ್ಲಿ ಥೇಮ್ಸ್ ನದಿಯ ದಡದಲ್ಲಿ ನಿಂತು, ಬಣ್ಣ ಮಾಸುವ ಮೊದಲೇ ಅವಸರವಾಗಿ ಅವನು ಬಿಡಿಸಿದ ಪೇಸ್ಟಲ್ ಚಿತ್ರಗಳು ಐನೂರಕ್ಕೂ ಹೆಚ್ಚು. 1888ರಲ್ಲಿ ರಾಯಲ್ ಸೊಸೈಟಿ ಪ್ರಕಟಿಸಿದ ಕ್ರಕಟೋವ ವರದಿಯಲ್ಲಿ ಅವುಗಳಲ್ಲಿ ಕೆಲವು ಸೇರಿದುವು. ವಿಜ್ಞಾನಕ್ಕೆ ಅಂದು ಮನುಷ್ಯನ ಕಣ್ಣು, ಕೈಗಳೇ ಸಾಕ್ಷಿಯಾಗಬೇಕಾಯಿತು.

ಫಲಕಕ್ಕೆ ವರ್ಣದ್ರವ್ಯ ಬೆರೆಸಿದರೆ ಅದರ ದೃಷ್ಟಿ ವಿಸ್ತರಿಸುವುದೆಂದು ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲೇ ಕಂಡುಹಿಡಿದಿದ್ದನು. ಆದರೆ ಬಣ್ಣದ ಫಲಕ ಮಾರುಕಟ್ಟೆಗೆ ಬಂದು ಜನರಿಗೆ ಎಟುಕಲು 1907 ಬರಬೇಕಾಯಿತು. ಲ್ಯೂಮಿಯೇರ್ ಸಹೋದರರ ಆ ಫಲಕದಲ್ಲಿದ್ದುದು ಬಣ್ಣ ಹಚ್ಚಿದ ಆಲೂಗಡ್ಡೆ ಪಿಷ್ಟದ ಕಣಗಳು!

ಇಂದಿನ ಮೊಬೈಲು ಕ್ಷಣಾರ್ಧದಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯುತ್ತದೆ. ಲ ಗ್ರೇ ಮಾಡಿದ್ದೂ ಇದನ್ನೇ. ಆದರೆ ಹೊಲಿಗೆ ಎಲ್ಲಿ ಬಿದ್ದಿದೆಯೆಂಬುದನ್ನು ಅವನು ಬಲ್ಲನು, ನಾವು ಅರಿಯೆವು. ಕಡತಗಳ ನಡುವೆ ದುಡಿಯುವ ನಮ್ಮಂಥವರು ದಾಖಲೆಯಲ್ಲಿಲ್ಲದುದು ನಡೆದೇ ಇಲ್ಲವೆಂದು ಬಹುಬೇಗ ನಂಬಿಬಿಡುತ್ತೇವೆ. ಹಳೆಯ ಮುಂಬಯಿ ಚಿತ್ರಗಳ ಬಿಳಿಯ ಆಕಾಶವನ್ನು ನೋಡುವಾಗಲಾದರೂ ನಾವು ನೆನೆಯಬೇಕು: ಆ ಸಂಜೆಗಳೂ ಕೆಂಪಾಗಿಯೇ ಇದ್ದುವು.