ನವಜಾತ ಕಾಮಾಲೆಯ ದ್ಯುತಿಚಿಕಿತ್ಸೆ

ರಕ್ತಕಣಗಳು ಒಡೆದು ಹುಟ್ಟುವ ಬಿಲಿರುಬಿನ್ ಎಂಬ ಪೀತದ್ರವ್ಯವನ್ನು ಶಿಶುವಿನ ಅಪಕ್ವ ಯಕೃತ್ತು ವಿಸರ್ಜಿಸಲಾರದೆ ಹೋದಾಗ ಚರ್ಮವೂ ಕಣ್ಣಿನ ಬಿಳುಪೂ ಹಳದಿಗಟ್ಟುವುವು. ಬಹುತೇಕ ನಿರಪಾಯವಾದ ಈ ಸ್ಥಿತಿಯು ಮಿತಿಮೀರಿದರೆ ಮಿದುಳಿಗೆ ಶಾಶ್ವತವಾದ ಹಾನಿಯನ್ನೂ ಕಿವುಡುತನವನ್ನೂ ಒಮ್ಮೊಮ್ಮೆ ಮರಣವನ್ನೂ ತರಬಲ್ಲುದು. ಇದಕ್ಕೆ ಬೆಳಕಿನಿಂದ ಮಾಡುವ ಉಪಚಾರವೇ ದ್ಯುತಿಚಿಕಿತ್ಸೆ.

ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಅಕಾಲಜಾತ ಶಿಶುಗಳ ಮೇಲ್ವಿಚಾರಕಿಯಾಗಿದ್ದು, ಬಿಸಿಲೂ ಶುದ್ಧವಾಯುವೂ ಹಿತಕರವೆಂದು ನಂಬಿ ಕೂಸುಗಳನ್ನು ಅಂಗಳಕ್ಕೆ ಒಯ್ಯುತ್ತಿದ್ದ ದಾದಿ ವಾರ್ಡ್ ಅವರು, 1956ರಲ್ಲಿ ಒಂದು ಶಿಶುವಿನ ಮೈಬಟ್ಟೆ ಸರಿಸಿ ವೈದ್ಯರಿಗೆ ತೋರಿದಾಗ, ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋನಾಕಾರದ ಭಾಗವೊಂದು ಮಾತ್ರ ಗಾಢ ಹಳದಿಯಾಗಿ ಉಳಿದು, ಮಿಕ್ಕ ಮೈ ತಿಳಿಯಾಗಿತ್ತು. ಬಿಸಿಲಿಗೆ ಬಿದ್ದಿದ್ದ ರಕ್ತದ ನಳಿಕೆಯೊಂದರಲ್ಲಿಯೂ ಬಿಲಿರುಬಿನ್ ತಗ್ಗಿದ್ದುದು ಬಳಿಕ ಕಂಡುಬಂದಿತು. ಈ ಸುಳಿವುಗಳನ್ನು ಹಿಡಿದು ಕ್ರೆಮರ್, ಪೆರಿಮನ್, ರಿಚರ್ಡ್ಸ್ ಎಂಬ ಮೂವರು ಪ್ರಯೋಗಗಳನ್ನು ನಡೆಸಿ ಫಲಿತಾಂಶಗಳನ್ನು 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲು ಕಂಡ ದಾದಿಯ ಹೆಸರು ಲೇಖಕರ ಸಾಲಿನಲ್ಲಿ ಸೇರದೆ ಹೋದುದು ಖೇದಕರ.

ಅಮೆರಿಕದಲ್ಲಿ ಲೂಸಿ ಮತ್ತು ಸಂಗಡಿಗರು ಅಕಾಲಜಾತ ಶಿಶುಗಳ ಮೇಲೆ ನಡೆಸಿದ ನಿಯಂತ್ರಿತ ಪರೀಕ್ಷೆ 1968ರಲ್ಲಿ ಪ್ರಕಟವಾದ ತರುವಾಯವೇ ಈ ಪದ್ಧತಿ ವ್ಯಾಪಕವಾಯಿತು.

ಸುಮಾರು 460ರಿಂದ 490 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕು ಚರ್ಮದಲ್ಲಿರುವ ಬಿಲಿರುಬಿನ್ ಅಣುವಿನ ವಿನ್ಯಾಸವನ್ನು ಮಾರ್ಪಡಿಸುವುದರಿಂದ, ಅದು ಯಕೃತ್ತಿನ ಸಂಸ್ಕಾರವಿಲ್ಲದೆಯೇ ಪಿತ್ತ, ಮೂತ್ರಗಳ ಮೂಲಕ ಹೊರಬೀಳುವುದು. ಕಣ್ಣುಗಳಿಗೆ ಪಟ್ಟಿ ಕಟ್ಟಿ ಶಿಶುವನ್ನು ದೀಪದ ಕೆಳಗೆ ಮಲಗಿಸುವರು. ಕಪ್ಪು ಮೈಬಣ್ಣದ ಕೂಸುಗಳಲ್ಲಿ ಹಳದಿಯನ್ನು ಬರಿಗಣ್ಣಿನಿಂದ ಅಳೆಯುವುದು ಅವಿಶ್ವಸನೀಯವಾದುದರಿಂದ ಬಿಲಿರುಬಿನ್ ಪ್ರಮಾಣವನ್ನು ಪರೀಕ್ಷೆಯಿಂದಲೇ ಅರಿಯಬೇಕು. ಮನೆಯ ಬಿಸಿಲು ಈ ಚಿಕಿತ್ಸೆಗೆ ಬದಲಿಯಾಗದು. ದೀಪಕ್ಕೂ ಬಗ್ಗದ ತೀವ್ರ ಕಾಮಾಲೆಗೆ ರಕ್ತವಿನಿಮಯವನ್ನು ಆಶ್ರಯಿಸುವರು.