ಗೆಜ್ಜೆಯ ಅಳತೆ

1492ರಲ್ಲಿ ಕೊಲಂಬಸನು ಕೆರಿಬಿಯನ್ ದ್ವೀಪಗಳನ್ನು ಮುಟ್ಟಿದಾಗ ಅಲ್ಲಿಯ ತಾಯಿನೊ ಜನರಿಗಿತ್ತ ಕಾಣಿಕೆಗಳಲ್ಲಿ ಗಾಜಿನ ಮಣಿಗಳೊಡನೆ, ಬೇಟೆಯ ಗಿಡುಗದ ಕಾಲಿಗೆ ಕಟ್ಟುವ ಪುಟ್ಟ ಗೆಜ್ಜೆಗಳೂ ಇದ್ದವು. ಅವುಗಳ ನಾದಕ್ಕೆ ಅವರು ಮಾರುಹೋದರು. ಕೆಲವೇ ವರ್ಷಗಳಲ್ಲಿ ಅದೇ ಗೆಜ್ಜೆ ಕಪ್ಪದ ಅಳತೆಯಾಯಿತು.

ಹಿಸ್ಪಾನಿಯೋಲ ದ್ವೀಪದ (ಇಂದಿನ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯಗಳ ನೆಲ) ಚಿನ್ನದ ಸೀಮೆಯಲ್ಲಿ ಹದಿನಾಲ್ಕು ವರ್ಷ ತುಂಬಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆ ತುಂಬ ಚಿನ್ನದ ಹುಡಿಯನ್ನು ಒಪ್ಪಿಸಬೇಕೆಂದು 1495ರ ಸುಮಾರಿಗೆ ಕಟ್ಟಳೆಯಾಯಿತು. ಉಳಿದೆಡೆ ಹತ್ತಿಯ ಕಪ್ಪ. ತೆತ್ತವರ ಕೊರಳಿಗೆ ಗುರುತಿನ ಬಿಲ್ಲೆ, ಬಿಲ್ಲೆಯಿಲ್ಲದವರಿಗೆ ಶಿಕ್ಷೆ. ಹೊಳೆಯ ಮರಳಿನಲ್ಲಿ ಅಷ್ಟು ಚಿನ್ನವಿದೆಯೇ ಎಂದು ವಿಚಾರಿಸಿದವರಾರು?

ಗ್ವಾರಿಯೊನೆಕ್ಸ್ ಎಂಬ ನಾಯಕನು, ತನ್ನ ಜನಕ್ಕೆ ಚಿನ್ನ ಸೋಸುವ ಕೆಲಸ ತಿಳಿಯದೆಂದೂ, ಬದಲಾಗಿ ವಿಶಾಲವಾದ ಹೊಲವನ್ನು ಬೆಳೆದುಕೊಡುವೆನೆಂದೂ ಬಿನ್ನವಿಸಿದನೆಂದು ಪಾದ್ರಿ ಲಾಸ್ ಕಾಸಾಸ್ ಬರೆದಿಟ್ಟಿದ್ದಾನೆ. ಕೊಲಂಬಸನು ಒಪ್ಪಲಿಲ್ಲ. ಅವನ ಕಡೆಯವರೇ ಆಗ ಆಹಾರವಿಲ್ಲದೆ ಕಂಗಾಲಾಗಿದ್ದರೆಂಬುದನ್ನು ವಾಚಕರು ಗಮನಿಸಬೇಕು!

ಜನರು ಹೊಲ ಬಿಟ್ಟು ಬೆಟ್ಟ ಸೇರಿದರು, ಕ್ಷಾಮ ಕವಿಯಿತು. ಬಳಿಕ ಬಂದುದು ಮನುಷ್ಯರನ್ನೇ ದುಡಿಮೆಗೆ ಹಂಚಿಕೊಡುವ ಪದ್ಧತಿ. 1514ರ ಹಂಚಿಕೆಯ ಲೆಕ್ಕಕ್ಕೆ ಸಿಕ್ಕವರು ಸುಮಾರು 26,000 ಮಂದಿ. ಸಿಡುಬು ದ್ವೀಪದಲ್ಲಿ ಹಬ್ಬಿದ್ದು 1518ರ ಕೊನೆಗೆ. ಬೇರೆ ರೋಗಗಳು ಮೊದಲೇ ಬಂದಿರಬಹುದು. ಆದರೂ ಸಕಲ ಹೊಣೆಯನ್ನೂ ಸಿಡುಬಿಗೆ ಹೊರಿಸುವವರಿಗೆ ಈ ಎರಡು ಇಸವಿಗಳ ಕ್ರಮವೇ ಅಡ್ಡ ನಿಲ್ಲುತ್ತದೆ.

ಸೆರೆಸಿಕ್ಕ ಗ್ವಾರಿಯೊನೆಕ್ಸನನ್ನು 1502ರಲ್ಲಿ ಸ್ಪೇನಿಗೆ ಸಾಗಿಸುವಾಗ ಹಡಗು ಬಿರುಗಾಳಿಗೆ ಸಿಲುಕಿ ಮುಳುಗಿತು. ಆ ಹಡಗುಗಳ ಸಾಲು ಹೊತ್ತೊಯ್ಯುತ್ತಿದ್ದುದು ದ್ವೀಪದ ಚಿನ್ನವನ್ನು.