ಕಡಿಮೆ ಖರ್ಚಿನಲ್ಲಿ ಶಾಟ್‌ಗನ್ ಮೈಕ್: ಕೊಳ್ಳುವ ಮುನ್ನ ತಿಳಿದಿರಬೇಕಾದ ವಿಷಯಗಳು

ವಿಡಿಯೊ ತೆಗೆಯುವುದು ಈಗ ಕಷ್ಟದ ಕೆಲಸವಾಗಿ ಉಳಿದಿಲ್ಲ. ಹಬ್ಬ, ಸಭೆ, ಸಂದರ್ಶನ ಎಲ್ಲವನ್ನೂ ನಮ್ಮ ಯುವಕ ಯುವತಿಯರು ಮೊಬೈಲಿನಲ್ಲೋ ಸಣ್ಣ ಕ್ಯಾಮೆರಾದಲ್ಲೋ ಅಂದವಾಗಿ ಸೆರೆಹಿಡಿಯುತ್ತಾರೆ. ಆದರೆ ನೋಡಿದವರು ಹೇಳುವ ದೂರು ಮಾತ್ರ ಒಂದೇ: ಚಿತ್ರ ಚೆನ್ನಾಗಿದೆ, ಮಾತು ಕೇಳಿಸುವುದಿಲ್ಲ.

ಈ ತಪ್ಪನ್ನು ನಾವೂ ಮಾಡಿದ್ದೇವೆ. ಕೆಲವು ವರ್ಷಗಳ ಹಿಂದೆ ಕಡಲ ಬದಿಯ ಮನೆಯೊಂದರಲ್ಲಿ, ರೋಸ್ ದಿನದ ವೊವಿಯೊಗಳನ್ನು ಬಾಯಿಪಾಠವಾಗಿ ಬಲ್ಲ ವೃದ್ಧೆಯೊಬ್ಬರ ಹಾಡು ಮತ್ತು ಮಾತನ್ನು ದಾಖಲಿಸಲು ಹೋಗಿದ್ದೆವು. ಎರವಲು ತಂದಿದ್ದ ದುಬಾರಿ ಶಾಟ್‌ಗನ್ ಮೈಕನ್ನು ಕ್ಯಾಮೆರಾದ ಮೇಲೆ ಸಿಕ್ಕಿಸಿ, ಎರಡೂವರೆ ಮೀಟರ್ ದೂರದಲ್ಲಿ ನಿಂತು, ಹೊರಗಿನ ಚಾವಡಿಯಲ್ಲಿಯೇ ಚಿತ್ರೀಕರಣ ಮಾಡಿದೆವು. ಹೆಡ್‌ಫೋನ್ ಹಾಕಿಕೊಂಡಿರಲಿಲ್ಲ. ಹಿಂತಿರುಗಿ ಕೇಳಿದಾಗ ಗಾಳಿಯ ಗುಡುಗುಡು ಸದ್ದು, ಅದರ ಹಿಂದೆ ಸಮುದ್ರದ ಭೋರ್ಗರೆತ, ಎಲ್ಲಕ್ಕಿಂತ ಹಿಂದೆ ಆ ಅಜ್ಜಿಯ ಸ್ವರ! ಮತ್ತೊಮ್ಮೆ ಹೋಗೋಣವೆಂದು ದಿನ ಗೊತ್ತು ಮಾಡುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಮೈಕ್ ಕೆಟ್ಟದ್ದಾಗಿರಲಿಲ್ಲ, ಬಳಸುವ ಕ್ರಮ ನಮಗೆ ತಿಳಿದಿರಲಿಲ್ಲ. ಇನ್ನೊಬ್ಬರಿಗೆ ಹಾಗಾಗಬಾರದು ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ನೀಡುತ್ತಿದ್ದೇವೆ.

ಶಾಟ್‌ಗನ್ ಮೈಕ್ ಎಂದರೇನು?

ಬಂದೂಕಿನ ನಳಿಗೆಯಂತೆ ಉದ್ದವಾಗಿರುವುದರಿಂದ ಇದಕ್ಕೆ ಈ ಹೆಸರು. ಧ್ವನಿಯನ್ನು ಗ್ರಹಿಸುವ ಭಾಗ ಕೊಳವೆಯ ಹಿಂದಿನ ತುದಿಯಲ್ಲಿರುತ್ತದೆ. ಕೊಳವೆಯ ಬದಿಗಳಲ್ಲಿ ಸಾಲಾಗಿ ಸೀಳುಗಳಿರುತ್ತವೆ. ಎದುರಿನಿಂದ ಬರುವ ಧ್ವನಿ ಕೊಳವೆಯ ಮೂಲಕವೂ ಸೀಳುಗಳ ಮೂಲಕವೂ ಒಂದೇ ಹೊತ್ತಿಗೆ ಒಳಮುಟ್ಟುತ್ತದೆ. ಬದಿಯಿಂದ ಬರುವ ಧ್ವನಿ ಬೇರೆ ಬೇರೆ ಸೀಳುಗಳಿಂದ ಹಿಂದೆ ಮುಂದೆ ಒಳಬಂದು ತನ್ನನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಗುಟ್ಟು ಇಷ್ಟೇ.

ಇಲ್ಲಿ ಎರಡು ತಪ್ಪು ಕಲ್ಪನೆಗಳನ್ನು ಬಿಡಬೇಕು. ಮೊದಲನೆಯದಾಗಿ, ಶಾಟ್‌ಗನ್ ಮೈಕ್ ದೂರದರ್ಶಕವಲ್ಲ. ದೂರದ ಮಾತನ್ನು ಅದು ಹತ್ತಿರಕ್ಕೆ ಎಳೆದು ತರುವುದಿಲ್ಲ, ಬದಿಯ ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ ಅಷ್ಟೆ. ಎರಡನೆಯದಾಗಿ, ಎಲ್ಲ ಸದ್ದನ್ನೂ ಅದು ಸಮಾನವಾಗಿ ತಗ್ಗಿಸುವುದಿಲ್ಲ. 1000 ಹರ್ಟ್ಸ್ ಧ್ವನಿಯ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್, 200 ಹರ್ಟ್ಸ್‌ನದು ಸುಮಾರು 1.7 ಮೀಟರ್. ಕೊಳವೆಗಿಂತ ಬಹಳ ಉದ್ದವಾದ ಅಲೆಗಳ ಮೇಲೆ ಕೊಳವೆಯ ಪ್ರಭಾವ ನಡೆಯದು. ಆದುದರಿಂದ ಜನರೇಟರಿನ, ಬಸ್ಸಿನ ದಪ್ಪ ಸದ್ದು ಬದಿಯಿಂದ ಬಂದರೂ ನುಸುಳಿಯೇ ನುಸುಳುತ್ತದೆ. ಕೊಳವೆ ಗಿಡ್ಡವಾದಷ್ಟೂ ಈ ಮಿತಿ ಹೆಚ್ಚು.

ಬಯಲಿನಲ್ಲಿ ಸರಿ, ಸಭಾಂಗಣದಲ್ಲಿ ಅಲ್ಲ

ಅಂಗಳ, ತೋಟ, ಬೀದಿ, ಕಡಲತೀರ ಇಂಥ ತೆರೆದ ಸ್ಥಳಗಳೇ ಈ ಮೈಕಿಗೆ ತಕ್ಕ ಜಾಗ. ಎತ್ತರದ ಮಾಡು, ಬರಿಗೋಡೆ, ಕಲ್ಲಿನ ನೆಲವಿರುವ ಇಗರ್ಜಿ ಅಥವಾ ಸಭಾಂಗಣದಲ್ಲಿ ಮಾತಿನ ಪ್ರತಿಧ್ವನಿ ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ಕೊಳವೆ ಅದನ್ನು ಏರುಪೇರಾಗಿ ಕತ್ತರಿಸುವುದರಿಂದ ಮಾತು ಡಬ್ಬದೊಳಗಿಂದ ಬಂದಂತೆ ಕೇಳಿಸುತ್ತದೆ. ಒಳಾಂಗಣಕ್ಕೆ ಕೊಳವೆಯಿಲ್ಲದ ಹೈಪರ್‌ಕಾರ್ಡಿಯಾಯ್ಡ್ ಮೈಕ್ ಉತ್ತಮ.

ಧ್ವನಿವರ್ಧಕದ ವ್ಯವಸ್ಥೆ ಇರುವಲ್ಲಿ ಇನ್ನೂ ಸುಲಭದ ದಾರಿಯಿದೆ. ಮಿಕ್ಸರ್‌ನವರನ್ನು ಮೊದಲೇ ಕಂಡು, ಅದರಿಂದ ಒಂದು ಲೈನ್ ತೆಗೆದು ನೇರವಾಗಿ ರೆಕಾರ್ಡರಿಗೆ ಕೊಡಿ. ಯಾವ ಶಾಟ್‌ಗನ್ ಮೈಕೂ ಇದಕ್ಕೆ ಸಮನಲ್ಲ. ಆದರೆ ಲೈನ್ ಮಟ್ಟದ ಧ್ವನಿಯನ್ನು ಕ್ಯಾಮೆರಾದ ಮೈಕ್ ಕಿಂಡಿಗೆ ನೇರವಾಗಿ ಕೊಟ್ಟರೆ ಒಡೆದುಹೋಗುತ್ತದೆ. ಲೈನ್ ಇನ್‌ಪುಟ್ ಇರುವ ರೆಕಾರ್ಡರ್ ಬಳಸಬೇಕು.

ಗಾಯನ ಮಂಡಳಿಯ ಹಾಡಿಗೂ ಶಾಟ್‌ಗನ್ ಸಲ್ಲದು. ಎದುರಿಗಿದ್ದ ನಾಲ್ಕು ಮಂದಿಯ ಸ್ವರ ಎದ್ದು ಕಂಡು ಉಳಿದವರು ಮಸುಕಾಗುತ್ತಾರೆ.

ಬೆಲೆಗಿಂತ ದೂರವೇ ಮುಖ್ಯ

ಬಾಯಿಗೂ ಮೈಕಿಗೂ ಇರುವ ದೂರ ಇಮ್ಮಡಿಯಾದರೆ ನೇರವಾಗಿ ಬರುವ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಎರಡು ಮೀಟರ್ ದೂರದ ಮೈಕನ್ನು ಅರ್ಧ ಮೀಟರಿಗೆ ತಂದರೆ ಮಾತಿಗೆ 12 ಡೆಸಿಬೆಲ್ ಲಾಭ. ಹೆಚ್ಚು ಹಣ ಕೊಟ್ಟು ಕೊಂಡ ಮೈಕ್ ದೂರದಿಂದ ಇಷ್ಟು ಲಾಭ ತರಲಾರದು.

ಆದುದರಿಂದ ಮೈಕನ್ನು ಕ್ಯಾಮೆರಾದ ಮೇಲಿಂದ ಇಳಿಸಿ, ಕೋಲಿನ ತುದಿಗೆ ಕಟ್ಟಿ, ಮಾತನಾಡುವವರ ತಲೆಯ ಮೇಲೆ ತುಸು ಮುಂದಕ್ಕೆ, ಚಿತ್ರದ ಚೌಕಟ್ಟಿನ ಹೊರಗೆ ಹಿಡಿಯಿರಿ. ಮೈಕಿನ ಮುಖ ಎದೆಯ ಮೇಲ್ಭಾಗದತ್ತ ಇರಲಿ. ಬಾಯಿಯಿಂದ ಸುಮಾರು 45ರಿಂದ 60 ಸೆಂಟಿಮೀಟರ್ ದೂರ ಸಾಕು. ಬಣ್ಣ ಬಳಿಯುವವರು ಬಳಸುವ ಉದ್ದ ಮಾಡಬಹುದಾದ ಕೋಲು, ಗಟ್ಟಿ ಬಿದಿರು ಯಾವುದಾದರೂ ಆದೀತು. ಕೈಯ ಅಲುಗಾಟ ಮೈಕಿಗೆ ತಲಪದಂತೆ ರಬ್ಬರಿನ ಶಾಕ್ ಮೌಂಟ್ ಇರಲಿ. ಕೋಲು ಹಿಡಿಯಲು ಇನ್ನೊಬ್ಬರಿಲ್ಲದಿದ್ದರೆ ಭಾರವಾದ ಸ್ಟ್ಯಾಂಡಿಗೆ ಕಟ್ಟಬಹುದು. ಅತ್ತಿತ್ತ ನಡೆಯುತ್ತಾ ಮಾತನಾಡುವವರಿಗೆ ಕಾಲರ್ ಮೈಕೇ ಒಳ್ಳೆಯದು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ವಿದ್ಯುತ್: ಕೆಲವು ಮೈಕ್‌ಗಳು ಕ್ಯಾಮೆರಾದ 3.5 ಮಿ.ಮೀ. ಕಿಂಡಿಯಿಂದ ಬರುವ ಕೆಲವೇ ವೋಲ್ಟ್‌ನಲ್ಲಿ ನಡೆಯುತ್ತವೆ. ಕೆಲವಕ್ಕೆ ಒಳಗೆ ಸೆಲ್ ಹಾಕಬೇಕು. ಕೆಲವಕ್ಕೆ ಎಕ್ಸ್‌ಎಲ್‌ಆರ್ ತಂತಿಯಲ್ಲಿ 48 ವೋಲ್ಟ್‌ನ ಫ್ಯಾಂಟಮ್ ಪವರ್ ಬೇಕೇ ಬೇಕು. ನಿಮ್ಮ ಕ್ಯಾಮೆರಾ ಅಥವಾ ರೆಕಾರ್ಡರ್ ಯಾವುದನ್ನು ಕೊಡುತ್ತದೆ ಎಂದು ನೋಡಿಯೇ ಅಂಗಡಿಗೆ ಹೋಗಿ.

2. ಪಿನ್: ಕ್ಯಾಮೆರಾಗಳ ಪಿನ್ನಿನಲ್ಲಿ ಎರಡು ಉಂಗುರಗಳು, 3.5 ಮಿ.ಮೀ. ಕಿಂಡಿಯಿರುವ ಮೊಬೈಲುಗಳ ಪಿನ್ನಿನಲ್ಲಿ ಮೂರು. ನೋಡಲು ಒಂದೇ ಥರ ಇದ್ದರೂ ಒಂದರದ್ದು ಇನ್ನೊಂದಕ್ಕೆ ಆಗದು, ತಕ್ಕ ತಂತಿ ಬೇಕು. ಈಗಿನ ಅನೇಕ ಮೊಬೈಲುಗಳಲ್ಲಿ ಯುಎಸ್‌ಬಿ-ಸಿ ಕಿಂಡಿ ಮಾತ್ರ ಇದೆ.

3. ಸ್ವಂತ ಸದ್ದು: ಪ್ರತಿ ಮೈಕೂ ಸ್ವಲ್ಪ 'ಸುಯ್' ಎನ್ನುತ್ತದೆ. ಈ ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಮಾತಿನ ದಾಖಲೆಗೆ 20 ಡೆಸಿಬೆಲ್ ಒಳಗಿದ್ದರೆ ಸಾಕು. ಹಕ್ಕಿ, ಹೊಳೆ, ರಾತ್ರಿಯ ಮೌನದಂತಹ ಮೆಲುದನಿಗಳಿಗೆ 15 ಅಥವಾ ಅದಕ್ಕೂ ಕೆಳಗಿನದು ಬೇಕು.

ಕೆಲವು ಮಾದರಿಗಳು

ದರಗಳು ಆಗಾಗ ಬದಲಾಗುವುದರಿಂದ ಅಗ್ಗದಿಂದ ದುಬಾರಿಯ ಕ್ರಮದಲ್ಲಿ ಮಾತ್ರ ಹೇಳುತ್ತೇವೆ.

ಮೊದಲ ಮೆಟ್ಟಿಲಲ್ಲಿ ಬೋಯಾ ಬಿವೈ-ಎಂಎಂ1 ಮತ್ತು ರೋಡ್ ವಿಡಿಯೊಮೈಕ್ರೊದಂತಹ ಗಿಡ್ಡ ಮೈಕ್‌ಗಳು. ಸೆಲ್ ಬೇಡ, ಗಾಳಿ ತಡೆಯುವ ರೋಮದ ಹೊದಿಕೆ ಜೊತೆಗೇ ಬರುತ್ತದೆ. ಇಷ್ಟು ಗಿಡ್ಡವಾದುದರಿಂದ ಉದ್ದ ಕೊಳವೆಯ ಕೆಲಸವನ್ನು ಇವುಗಳಿಂದ ನಿರೀಕ್ಷಿಸಬಾರದು. ಆದರೆ ಹತ್ತಿರ ಹಿಡಿದರೆ ಕ್ಯಾಮೆರಾದ ಒಳಗಿನ ಮೈಕಿಗಿಂತ ಎಷ್ಟೋ ಮೇಲು. ಇದರ ಮುಂದಿನದು ರೋಡ್ ವಿಡಿಯೊಮೈಕ್ ಗೋ 2. ಇದರಲ್ಲಿ 3.5 ಮಿ.ಮೀ. ಮತ್ತು ಯುಎಸ್‌ಬಿ-ಸಿ ಎರಡೂ ಇರುವುದರಿಂದ ಕ್ಯಾಮೆರಾ, ಮೊಬೈಲ್, ಕಂಪ್ಯೂಟರ್ ಮೂರಕ್ಕೂ ಹೊಂದುತ್ತದೆ.

ಎರಡನೆಯ ಮೆಟ್ಟಿಲಲ್ಲಿ ಎಕ್ಸ್‌ಎಲ್‌ಆರ್ ಮೈಕ್‌ಗಳು. ಆಡಿಯೊ-ಟೆಕ್ನಿಕಾ ಎಟಿ875ಆರ್ ಕೇವಲ 17.5 ಸೆಂಟಿಮೀಟರ್ ಉದ್ದ, ಹಗುರ, ಆದರೆ ಫ್ಯಾಂಟಮ್ ಪವರ್ ಇಲ್ಲದೆ ನಡೆಯದು. ರೋಡ್ ಎನ್‌ಟಿಜಿ2 ಒಂದು ಎಎ ಸೆಲ್‌ನಲ್ಲೂ ನಡೆಯುತ್ತದೆ, ಸ್ವಂತ ಸದ್ದು 18 ಡೆಸಿಬೆಲ್. ಸೆನ್‌ಹೈಸರ್ ಎಂಕೆಇ 600 ಕೂಡ ಎರಡೂ ರೀತಿಯಲ್ಲಿ ನಡೆಯುತ್ತದೆ. ಫ್ಯಾಂಟಮ್ ಪವರ್‌ನಲ್ಲಿ ಇದರ ಸ್ವಂತ ಸದ್ದು 15 ಡೆಸಿಬೆಲ್, ದಪ್ಪ ಸದ್ದನ್ನು ತಗ್ಗಿಸುವ ಗುಂಡಿಯೂ ಇದೆ. ಹಲವರು ಸೇರಿ ವರ್ಷಗಟ್ಟಲೆ ಬಳಸಲು ಒಂದನ್ನೇ ಕೊಳ್ಳುವುದಾದರೆ ನಮ್ಮ ಆಯ್ಕೆ ಇದು.

ಸಿನಿಮಾದವರು ದಶಕಗಳಿಂದ ಬಳಸುತ್ತಿರುವ ಸೆನ್‌ಹೈಸರ್ ಎಂಕೆಎಚ್ 416 ಅಗ್ಗದ ಪಟ್ಟಿಗೆ ಸೇರದು. ಅದರ ಹೆಸರು ಹೇಳಲು ಕಾರಣವಿದೆ. ಅದೂ ರೋಡ್ ಎನ್‌ಟಿಜಿ5ವೂ ಬೇರೊಂದು ವಿದ್ಯುತ್ ಕ್ರಮದಿಂದ ಕೆಲಸ ಮಾಡುವುದರಿಂದ ತೇವಾಂಶವನ್ನು ಚೆನ್ನಾಗಿ ತಾಳುತ್ತವೆ. ಮಳೆಗಾಲದ ಮುಖ್ಯ ಕೆಲಸವಿದ್ದರೆ ಇಂಥದನ್ನು ಒಂದು ದಿನದ ಬಾಡಿಗೆಗೆ ಪಡೆಯುವುದು ಜಾಣತನ.

ಹೆಸರಾಂತ ಮಾದರಿಗಳ ನಕಲಿಗಳೂ ಮಾರಾಟವಾಗುತ್ತವೆ. ನಂಬಲಾರದಷ್ಟು ಕಡಿಮೆ ದರ ಕಂಡರೆ ದೂರವಿರಿ, ಬಿಲ್ ಮತ್ತು ವಾರಂಟಿ ಕೇಳಿ ಪಡೆಯಿರಿ.

ಗಾಳಿ, ಉಪ್ಪು, ತೇವ

ಮೈಕಿನೊಂದಿಗೆ ಬರುವ ಸ್ಪಂಜಿನ ಟೊಪ್ಪಿ ಫ್ಯಾನಿನ ಗಾಳಿಗೆ ಸಾಕು, ಕಡಲ ಗಾಳಿಗೆ ಸಾಲದು. ಅದಕ್ಕೆ ಉದ್ದ ರೋಮದ ಹೊದಿಕೆಯೇ ಬೇಕು. ಗಾಳಿಯ ಗುಡುಗುಡು ಒಮ್ಮೆ ದಾಖಲಾದರೆ ಕಂಪ್ಯೂಟರಿನಲ್ಲಿ ಅದನ್ನು ಪೂರ್ತಿ ತೆಗೆಯಲಾಗದು. ಹೊದಿಕೆ ಇದ್ದರೂ ಗಾಳಿಗೆ ಮರೆಯಾದ ಗೋಡೆಯ ಬದಿ ಅಥವಾ ಹಿತ್ತಿಲನ್ನು ಆರಿಸಿಕೊಳ್ಳಿ.

ತೇವ ಹಿಡಿದ ಮೈಕ್ ಪಟಪಟ ಸದ್ದು ಮಾಡುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬದಲ್ಲಿ ಅದನ್ನಿಡಿ. ಎ.ಸಿ. ಕೋಣೆಯಿಂದ ಹೊರತಂದ ಕೂಡಲೇ ಬಳಸಬೇಡಿ, ಡಬ್ಬದೊಳಗೇ ಅರ್ಧ ಗಂಟೆ ಬಿಟ್ಟು ತೆರೆಯಿರಿ. ಕೆಲಸ ಮುಗಿದ ಮೇಲೆ ಸೆಲ್ ತೆಗೆದಿಡಿ. ಕಡಲ ಬದಿಯಿಂದ ಬಂದ ದಿನ ಒಣ ಬಟ್ಟೆಯಿಂದ ಮೈಕನ್ನೂ ಪಿನ್ನುಗಳನ್ನೂ ಒರೆಸಿ.

ದಾಖಲಿಸುವಾಗ

ಧ್ವನಿಮಟ್ಟವನ್ನು ತಾನಾಗಿ ಏರಿಸಿ ಇಳಿಸುವ ವ್ಯವಸ್ಥೆಯನ್ನು ನಿಲ್ಲಿಸಿರಿ. ಅದು ಮಾತು ನಿಂತಾಗಲೆಲ್ಲ ಗದ್ದಲವನ್ನು ಮೇಲೆತ್ತುತ್ತದೆ. ಅತಿ ಜೋರಾದ ಮಾತು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಹೊಂದಿಸಿ. ಗುಮಟೆಯಂತಹ ವಾದ್ಯವಿದ್ದರೆ ಇನ್ನೂ ಇಳಿಸಿ, ತುಸು ಹಿಂದೆ ಸರಿಯಿರಿ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಮೊದಲ ಒಂದು ನಿಮಿಷ ದಾಖಲಿಸಿ, ಅಲ್ಲಿಯೇ ಕೇಳಿ ನೋಡಿ, ಆಮೇಲೆ ಮುಂದುವರಿಸಿ. ಅಂದು ನಾವು ಈ ಒಂದು ನಿಮಿಷ ವ್ಯಯಿಸಿದ್ದರೆ ಅಜ್ಜಿಯ ವೊವಿಯೊಗಳು ಉಳಿಯುತ್ತಿದ್ದವು.

ಹಣ ಹಂಚುವ ಕ್ರಮ

ಇರುವ ಹಣವನ್ನೆಲ್ಲ ಮೈಕಿಗೇ ಸುರಿಯಬೇಡಿ. ಮೊದಲು ಹೆಡ್‌ಫೋನ್, ರೋಮದ ಹೊದಿಕೆ, ಶಾಕ್ ಮೌಂಟ್, ಕೋಲು ಮತ್ತು ಉದ್ದ ತಂತಿಗೆ ಹಣ ತೆಗೆದಿಡಿ. ಉಳಿದುದರಲ್ಲಿ ಸಿಗುವ ಮೈಕ್ ಕೊಳ್ಳಿ. ಸಾಧಾರಣ ಮೈಕ್ ಅರ್ಧ ಮೀಟರ್ ದೂರದಲ್ಲಿ ಕೊಡುವ ಫಲವನ್ನು ದುಬಾರಿ ಮೈಕ್ ಎರಡೂವರೆ ಮೀಟರಿನಿಂದ ಕೊಡಲಾರದು.

ನಿಮ್ಮ ವಾಳೆಯಲ್ಲಿಯೂ ಹಳೆಯ ಹಾಡು, ಕಸುಬು, ಊರಿನ ಕಥೆ ಬಲ್ಲ ಹಿರಿಯರಿದ್ದಾರೆ. ಒಳ್ಳೆಯ ಮೈಕ್ ಬರಲಿ ಎಂದು ಕಾಯಬೇಡಿ. ಮೊಬೈಲನ್ನೇ ಅವರ ಹತ್ತಿರ ಮೇಜಿನ ಮೇಲೆ ಮಡಚಿದ ಬಟ್ಟೆಯ ಮೇಲಿಟ್ಟು, ಫ್ಯಾನ್ ನಿಲ್ಲಿಸಿ, ಈ ವಾರವೇ ಮಾತಿಗೆ ಕೂರಿಸಿ. ಮೈಕನ್ನು ಮುಂದೆ ಎಂದಾದರೂ ಕೊಳ್ಳಬಹುದು.